ಬಂದ ಹಣ ನಿಂತಿತೇ?

ಗಲ್ಲಾಪೆಟ್ಟಿಗೆಯ ಪಕ್ಕದ ಪುಟ್ಟ ಸ್ಪೀಕರ್ ‘ಇಪ್ಪತ್ತು ರೂಪಾಯಿ ಬಂದಿದೆ’ ಎಂದು ಕೂಗಿದರೆ ಅಂಗಡಿಯವರು ತಲೆಯೆತ್ತಿಯೂ ನೋಡುವುದಿಲ್ಲ. ಸಾಮಾನು ಕೊಟ್ಟು ಮುಂದಿನ ಗಿರಾಕಿಯತ್ತ ತಿರುಗುತ್ತಾರೆ. ಕ್ರಿಪ್ಟೊ ನಾಣ್ಯದಲ್ಲಿ ಹಣ ಪಡೆಯುವವರಿಗೆ ಈ ನಿಶ್ಚಿಂತೆ ಇನ್ನೂ ದಕ್ಕಿಲ್ಲ. ಬಿಟ್‌ಕಾಯಿನ್‌ಗೆ ಆರು ಬ್ಲಾಕ್ (ಪಾವತಿಗಳ ಆರು ಕಟ್ಟು) ಕಾಯಿರಿ ಎನ್ನುವವರಿದ್ದಾರೆ, ಎರಡೋ ಮೂರೋ ಸಾಕು ಎನ್ನುವ ಎಕ್ಸ್‌ಚೇಂಜ್‌ಗಳೂ (ನಾಣ್ಯ ಕೊಳ್ಳುವ, ಮಾರುವ ತಾಣಗಳೂ) ಇವೆ. ಇಥೀರಿಯಂಗೆ ಹದಿಮೂರು ನಿಮಿಷ ಎಂಬ ಲೆಕ್ಕವಿದೆ. ಈ ಅಂಕಿಗಳ ಮೂಲ ಹುಡುಕುತ್ತ ಹೋದರೆ ಗಣಿತ ಸ್ವಲ್ಪ ಸಿಗುತ್ತದೆ, ಅಂದಾಜು ಬೇಕಾದಷ್ಟು ಸಿಗುತ್ತದೆ.

ಬ್ಯಾಂಕುಗಳಿಗೂ ಈ ನಿಶ್ಚಿಂತೆ ಪುಕ್ಕಟೆಯಾಗಿ ಬಂದದ್ದೇನಲ್ಲ. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕ್‌ಗೆ ಬೀಗ ಬಿದ್ದಾಗ, ಅದಕ್ಕೆ ಮಾರ್ಕ್ ಕೊಟ್ಟು ನ್ಯೂಯಾರ್ಕ್‌ನಲ್ಲಿ ಡಾಲರ್‌ಗಾಗಿ ಕಾದಿದ್ದ ಬ್ಯಾಂಕುಗಳು ಕೈ ಕೈ ಹಿಸುಕಿಕೊಂಡವು. ಆ ಪೆಟ್ಟು ಕಾನೂನಿನ ರೂಪ ತಳೆಯಲು ದಶಕಗಳೇ ಹಿಡಿದವು: ಯುರೋಪಿನಲ್ಲಿ 1998, ಭಾರತದಲ್ಲಿ 2007. ನಮ್ಮ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 23ನೇ ಕಲಮಿನ ಪ್ರಕಾರ ಇತ್ಯರ್ಥವಾದ ಲೆಕ್ಕ ಅಂತಿಮ, ಅದನ್ನು ಹಿಂದೆಗೆಯುವಂತಿಲ್ಲ. ಈ ರಕ್ಷಣೆ ಅಧಿಕೃತ ಪಾವತಿ ವ್ಯವಸ್ಥೆಗಳಿಗೆ ಮಾತ್ರ. ಕ್ರಿಪ್ಟೊ ಅದರ ಹೊರಗಿದೆ.

ಹೊರಗಿರುವುದೇ ಅದರ ಹೆಗ್ಗಳಿಕೆಯೂ ಆಗಿತ್ತು. 2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಹೊರಬಿದ್ದ ಪ್ರಬಂಧ, ನಡುವೆ ಯಾವ ಸಂಸ್ಥೆಯೂ ಇಲ್ಲದ ಹಣವೊಂದನ್ನು ಮುಂದಿಟ್ಟಿತು. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಒಂದಷ್ಟು ಪಾವತಿಗಳ ಕಟ್ಟು, ಅಂದರೆ ಬ್ಲಾಕ್, ಸರಪಳಿಗೆ ಸೇರುತ್ತದೆ. ಸರಪಳಿ ಎಲ್ಲಾದರೂ ಎರಡು ಕವಲಾದರೆ ಬ್ಲಾಕ್ ಕಟ್ಟಲು ಕಂಪ್ಯೂಟರ್‌ಗಳ ಹೆಚ್ಚು ದುಡಿಮೆ ಬಿದ್ದ ಕವಲು ಉಳಿಯುತ್ತದೆ, ಇನ್ನೊಂದನ್ನು ಎಲ್ಲರೂ ಕೈಬಿಡುತ್ತಾರೆ. ಕೈಬಿಟ್ಟ ಕವಲಿನಲ್ಲಿ ಮಾತ್ರ ಇದ್ದ ಪಾವತಿ ಮತ್ತೆ ಸರದಿಗೆ ನಿಲ್ಲಬೇಕು. ಅಷ್ಟರಲ್ಲಿ ಅದೇ ನಾಣ್ಯವನ್ನು ಉಳಿದ ಕವಲಿನಲ್ಲಿ ಬೇರೆಯವರಿಗೆ ಕೊಟ್ಟಿದ್ದರೆ ಮೊದಲು ಪಡೆದವರ ಪಾಲಿಗೆ ಏನೂ ಇಲ್ಲ.

ಪಾವತಿಯ ಮೇಲೆ ಬ್ಲಾಕ್‌ಗಳು ಪೇರಿದಷ್ಟೂ ಈ ಅಪಾಯ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಪ್ರಬಂಧದ ಕೊನೆಯಲ್ಲಿ ಒಂದು ಕೋಷ್ಟಕವಿದೆ. ವಂಚಿಸುವವನ ಕೈಯಲ್ಲಿ ಜಾಲದ ಶೇ 10ರಷ್ಟು ಗಣನಬಲ, ಅಂದರೆ ಬ್ಲಾಕ್ ಕಟ್ಟುವ ಕಂಪ್ಯೂಟರ್ ಶಕ್ತಿ, ಇದ್ದರೆ, ಅವನು ಗೆಲ್ಲುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಲು 5 ಬ್ಲಾಕ್ ಬೇಕು. ಬಲ ಶೇ 30 ಇದ್ದರೆ 24 ಬ್ಲಾಕ್, ಶೇ 45 ಇದ್ದರೆ 340. ಮುಂದೆ ನಾಣ್ಯ ಇಟ್ಟುಕೊಳ್ಳುವ ವಾಲೆಟ್ ತಂತ್ರಾಂಶ ಆರು ಬ್ಲಾಕ್ ಆಗುವವರೆಗೆ ಪಾವತಿಯನ್ನು ‘ದೃಢೀಕರಣವಾಗಿಲ್ಲ’ ಎಂದು ತೋರಿಸತೊಡಗಿತು. ಶೇ 10, ಸಾವಿರಕ್ಕೆ ಒಂದು ಎಂಬ ಷರತ್ತುಗಳು ಎಲ್ಲೋ ಉದುರಿಹೋಗಿ ಆರು ಎಂಬುದೊಂದೇ ಜನರ ಬಾಯಲ್ಲಿ ಉಳಿಯಿತು. ಮುಹೂರ್ತ ನೋಡಿದಂತೆ ಆರು ನೋಡುವವರು ಇಂದಿಗೂ ಇದ್ದಾರೆ. ಕೊಡುವ ಮೊತ್ತ ನೂರು ರೂಪಾಯಿಯೋ ಕೋಟಿಯೋ ಎಂಬುದಕ್ಕೆ ಆ ಕೋಷ್ಟಕದಲ್ಲಿ ಅಂಕಣವೇ ಇಲ್ಲ.

ಆರರ ಮೇಲಿನ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2013ರ ಮಾರ್ಚ್‌ನಲ್ಲಿ. ವಿಚಿತ್ರವೆಂದರೆ ಅಂದು ವಂಚಕರು ಯಾರೂ ಇರಲಿಲ್ಲ. ಬಿಟ್‌ಕಾಯಿನ್ ತಂತ್ರಾಂಶದ 0.8ನೇ ಆವೃತ್ತಿ ಹಿಂದಿನ ತಿಂಗಳಷ್ಟೇ ಬಂದಿತ್ತು. ಅದರೊಳಗಿನ ದತ್ತಸಂಚಯ (ಡೇಟಾಬೇಸ್) ಬದಲಾಗಿತ್ತು. 225430ನೇ ಬ್ಲಾಕ್ ಎಂದಿಗಿಂತ ದೊಡ್ಡದಾಗಿ ಬಂದಾಗ ಹೊಸ ಆವೃತ್ತಿ ಅದನ್ನು ಸಲೀಸಾಗಿ ನುಂಗಿತು. ಹಳೆಯ ಆವೃತ್ತಿಗಳಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತು, ಏಕೆಂದರೆ ಹಳೆಯ ದತ್ತಸಂಚಯಕ್ಕೆ ಒಮ್ಮೆಗೆ ಇಷ್ಟೇ ದಾಖಲೆ ಮುಟ್ಟಬಹುದೆಂಬ ಮಿತಿಯಿತ್ತು. ಆ ಮಿತಿ ಯಾರ ಗಮನಕ್ಕೂ ಬಂದಿರಲಿಲ್ಲ. ಕ್ಷಣದಲ್ಲಿ ಸರಪಳಿ ಎರಡಾಯಿತು. ಎರಡೂ ಕಡೆಯವರಿಗೆ ತಮ್ಮದೇ ಅಸಲಿ.

ನಿಯಮದ ಪ್ರಕಾರ ಗೆಲ್ಲಬೇಕಾದದ್ದು ಹೊಸ ಆವೃತ್ತಿಯ ಕವಲು, ಹೆಚ್ಚಿನ ಗಣನಬಲ ಅಲ್ಲಿತ್ತು. ಆದರೆ ವ್ಯಾಪಾರಿಗಳು, ಸಾಮಾನ್ಯ ಬಳಕೆದಾರರು ಬಹುಪಾಲು ಹಳೆಯದರಲ್ಲೇ ಇದ್ದರು. ಅವರನ್ನೆಲ್ಲ ರಾತ್ರೋರಾತ್ರಿ ಹೊಸದಕ್ಕೆ ಎಳೆಯುವುದು ಆಗದ ಮಾತು. ಅಭಿವೃದ್ಧಿಕಾರರು ಚಾಟ್ ಕೊಠಡಿಯಲ್ಲಿ ಸೇರಿ, ದೊಡ್ಡ ಮೈನಿಂಗ್ ಪೂಲ್‌ಗಳನ್ನು, ಅಂದರೆ ಗಣನಬಲ ಒಟ್ಟುಗೂಡಿಸಿ ಬ್ಲಾಕ್ ಕಟ್ಟುವ ಕೂಟಗಳನ್ನು, ಹಳೆಯ ಆವೃತ್ತಿಗೆ ಮರಳುವಂತೆ ಕೇಳಿಕೊಂಡರು. ಪೂಲ್‌ಗಳು ತಮ್ಮ ಗಳಿಕೆ ಕಳೆದುಕೊಂಡು ಮರಳಿದವು. ಕೆಲವೇ ಗಂಟೆಗಳಲ್ಲಿ ಹಳೆಯ ಕವಲು ಮುಂದೆ ಹೋಯಿತು, ಹೊಸ ಕವಲಿನ 24 ಬ್ಲಾಕ್ ಅನಾಥವಾದವು. ಆರರ ಲೆಕ್ಕ ಹಿಡಿದರೆ ಅವುಗಳಲ್ಲಿ ಮೊದಲ 19 ಬ್ಲಾಕ್‌ಗಳ ಪಾವತಿಗಳೆಲ್ಲ ಅಷ್ಟೊತ್ತಿಗೆ ‘ಅಂತಿಮ’ ಆಗಿದ್ದವು.

ಹೆಚ್ಚಿನ ಪಾವತಿಗಳು ಎರಡೂ ಕವಲುಗಳಲ್ಲಿ ದಾಖಲಾಗಿದ್ದರಿಂದ ಅನಾಹುತವೇನೂ ಆಗಲಿಲ್ಲ. ಸುಮಾರು 10,000 ಡಾಲರ್ ಮೌಲ್ಯದ ಒಂದು ಪಾವತಿ ಮಾತ್ರ ಎರಡು ಸಲ ಖರ್ಚಾಯಿತು. ಮಾಡಿದವರು ಆಗುತ್ತದೆಯೇ ನೋಡೋಣ ಎಂದು ಪ್ರಯೋಗಕ್ಕೆ ಇಳಿದಿದ್ದರು, ಹಣವನ್ನು ಹಿಂತಿರುಗಿಸಿದರು. ಅಂದಿನ ನಿರ್ಧಾರ ಸರಿಯೇ ಇತ್ತು ಎಂದು ಈ ಲೇಖಕನಿಗೂ ಅನಿಸುತ್ತದೆ. ಆದರೆ ಸರಪಳಿಯೇ ತೀರ್ಮಾನಿಸುತ್ತದೆ ಎಂಬ ಮಾತನ್ನು ಆಮೇಲೆ ಅದೇ ಉತ್ಸಾಹದಲ್ಲಿ ಹೇಳುವುದು ಕಷ್ಟ. 2010ರ ಆಗಸ್ಟ್‌ನಲ್ಲೂ, ದೋಷವೊಂದರಿಂದ 18,400 ಕೋಟಿ ಬಿಟ್‌ಕಾಯಿನ್ ಹುಟ್ಟಿಕೊಂಡಾಗ, ಜನರೇ ಸೇರಿ ಸರಪಳಿಯನ್ನು ಹಿಂದಕ್ಕೆ ಎಳೆದಿದ್ದರು.

ಇತ್ತ ಸಣ್ಣ ವ್ಯಾಪಾರಿಗಳಿಗೆ ಹತ್ತು ನಿಮಿಷ ಕಾಯುವುದೂ ಆಗದು. ಕಾಫಿ ಆರಿಹೋಗುತ್ತದೆ. ಅವರು ಒಂದೂ ಬ್ಲಾಕ್ ಕಾಯದೆ, ಪಾವತಿ ಜಾಲದಲ್ಲಿ ಕಾಣಿಸಿದೊಡನೆ ಸಾಮಾನು ಕೊಡತೊಡಗಿದರು. ವಾಸ್ತವದಲ್ಲಿ ಅದು ಉದ್ರಿ. ನಗದು ಎಂದು ಹೆಸರಿಟ್ಟದ್ದರಿಂದ ಜಗಳ ಬೆಳೆಯಿತು. ಕಳಿಸಿದ ಪಾವತಿಯನ್ನು ಹೆಚ್ಚು ಶುಲ್ಕ ಕೊಟ್ಟು ಬದಲಿಸುವ ಸೌಲಭ್ಯ 2016ರಲ್ಲಿ ಬಿಟ್‌ಕಾಯಿನ್‌ನ ಮುಖ್ಯ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್‌ಗೆ ಐಚ್ಛಿಕವಾಗಿ ಬಂದಾಗ, ಇದು ಅಂಗಡಿಯವರ ಹೊಟ್ಟೆಗೆ ಹೊಡೆಯುವ ಕೆಲಸ ಎಂದು ಒಂದು ಪಕ್ಷ, ಇಲ್ಲದ ಭದ್ರತೆಯನ್ನು ಇದೆಯೆಂದು ನಂಬಿದ್ದು ಯಾರ ತಪ್ಪು ಎಂದು ಇನ್ನೊಂದು ಪಕ್ಷ. 2024ರ ಹೊತ್ತಿಗೆ ಯಾವ ಪಾವತಿಯನ್ನಾದರೂ ಬದಲಿಸಲು ಬಿಡುವುದೇ ಆ ತಂತ್ರಾಂಶದ ಪೂರ್ವನಿಗದಿ ಕ್ರಮವಾಯಿತು. ವಾದದಲ್ಲಿ ಎರಡನೆಯವರು ಸರಿ. ನಷ್ಟದ ಭಯ ಉಳಿದದ್ದು ಮಾತ್ರ ಹಣ ಪಡೆಯುವವರಿಗೇ.

ಚಿಕ್ಕ ನಾಣ್ಯಗಳ ಕಥೆ ಇನ್ನೂ ಒರಟು. ಗಣನಬಲವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದಾದ ಮೇಲೆ, 2018ರ ಮೇನಲ್ಲಿ ಬಿಟ್‌ಕಾಯಿನ್ ಗೋಲ್ಡ್ ಮೇಲೆ, 2019ರ ಜನವರಿಯಲ್ಲಿ ಇಥೀರಿಯಂ ಕ್ಲಾಸಿಕ್ ಮೇಲೆ ದಾಳಿ ನಡೆಯಿತು. 2020ರ ಆಗಸ್ಟ್ ಒಂದೇ ತಿಂಗಳಲ್ಲಿ ಕ್ಲಾಸಿಕ್ ಸರಪಳಿ ಮೂರು ಬಾರಿ, ಪ್ರತಿಸಲವೂ ಸಾವಿರಾರು ಬ್ಲಾಕ್‌ಗಳಷ್ಟು ಹಿಂದಿನಿಂದ ಮರುಬರೆಯಲ್ಪಟ್ಟಿತು. ಬ್ಲಾಕ್ ಎಣಿಸುವುದೆಂದರೆ ಎಷ್ಟು ನೋಟು ಇವೆ ಎಂದು ಎಣಿಸಿ ಮುಖಬೆಲೆ ನೋಡದಿದ್ದ ಹಾಗೆ ಎಂಬುದು ಆಗ ಅರಿವಾಯಿತು. ಭಾರತೀಯರು ಕಟ್ಟಿದ ಪಾಲಿಗಾನ್ ಜಾಲದಲ್ಲಿ 2023ರ ಫೆಬ್ರುವರಿಯಲ್ಲಿ 157 ಬ್ಲಾಕ್ ಅಳಿಸಿಹೋದವು. ಎರಡು ಸೆಕೆಂಡಿಗೊಂದು ಬ್ಲಾಕ್ ಬರುವ ಅಲ್ಲಿ ಅದು ಐದಾರು ನಿಮಿಷದ ಮಾತು. ಬಿಟ್‌ಕಾಯಿನ್‌ನಲ್ಲಿ ಅಷ್ಟೇ ಬ್ಲಾಕ್‌ಗೆ ಒಂದು ದಿನ ಮೀರುತ್ತದೆ.

ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ಮೈನಿಂಗ್ ತೊರೆದು ಬೇರೆ ದಾರಿ ಹಿಡಿಯಿತು. ಅದರ ನಾಣ್ಯವಾದ ಈಥರ್ ಒತ್ತೆಯಿಟ್ಟವರು ಬ್ಲಾಕ್‌ಗಳಿಗೆ ಮತ ಹಾಕುತ್ತಾರೆ. 12 ಸೆಕೆಂಡಿನ 32 ಸರದಿ ಸೇರಿ ಒಂದು ಘಟ್ಟ. ಮೂರನೇ ಎರಡರಷ್ಟು ಒತ್ತೆಯ ಬೆಂಬಲ ಸಿಕ್ಕರೆ ಎರಡು ಘಟ್ಟ ದಾಟುವಷ್ಟರಲ್ಲಿ, ಅಂದರೆ ಸುಮಾರು 12.8 ನಿಮಿಷದಲ್ಲಿ, ಪಾವತಿ ಅಂತಿಮ. ಅದನ್ನು ಕೆಡವಬೇಕಾದರೆ ಒಟ್ಟು ಒತ್ತೆಯ ಮೂರನೇ ಒಂದು ಭಾಗವನ್ನಾದರೂ ಕಳೆದುಕೊಳ್ಳಬೇಕು. ಇಲ್ಲಿ ‘ಅಂತಿಮ’ ಎಂಬುದಕ್ಕೆ ಬೆಲೆಚೀಟಿ ಅಂಟಿಸಿದ್ದಾರೆ, ಇದು ನಿಜವಾದ ಪ್ರಗತಿ. ಆದರೂ 2023ರ ಮೇ 11 ಮತ್ತು 12ರಂದು ಸಾಕಷ್ಟು ಮತ ಬೀಳದೆ ‘ಅಂತಿಮ’ ಎಂಬ ಈ ಮುದ್ರೆ ಬೀಳುವುದು ನಿಂತುಹೋಯಿತು. ಎರಡನೆಯ ಸಲ ಒಂದು ಗಂಟೆಗೂ ಹೆಚ್ಚು. ಬ್ಲಾಕ್‌ಗಳು ಬರುತ್ತಲೇ ಇದ್ದವು, ಪಾವತಿಗಳು ಆಗುತ್ತಲೇ ಇದ್ದವು. ಕಳಿಸಿದ ಅನೇಕರಿಗೆ ಏನೋ ಆಗಿದೆ ಎಂದು ಗೊತ್ತೂ ಆಗಲಿಲ್ಲ.

ಭಾರತದಲ್ಲಿ 2022ರ ಜುಲೈ 1ರಿಂದ ಕ್ರಿಪ್ಟೊ ವರ್ಗಾವಣೆಗೆ ಶೇ 1ರ ಟಿಡಿಎಸ್ ಇದೆ. ಹಣ ಪಾವತಿಯಾದಾಗ ಅಥವಾ ಜಮಾ ಆದಾಗ, ಯಾವುದು ಮೊದಲೋ ಆಗ ಮುರಿದುಕೊಳ್ಳಬೇಕು. ಸರಪಳಿಯಲ್ಲಿ ‘ಜಮಾ ಆದಾಗ’ ಎಂದರೆ ಯಾವಾಗ ಎಂಬುದನ್ನು ಎಕ್ಸ್‌ಚೇಂಜ್‌ಗಳು ತಾವೇ ತೀರ್ಮಾನಿಸಿಕೊಳ್ಳುತ್ತವೆ. ಪ್ರತಿ ನಾಣ್ಯದ ಎದುರು ಎಷ್ಟು ಬ್ಲಾಕ್ ಕಾಯಬೇಕೆಂಬ ಪಟ್ಟಿ ಇರುತ್ತದೆ, ಮುನ್ಸೂಚನೆಯಿಲ್ಲದೆ ಬದಲಾಗುತ್ತದೆ. ಅದನ್ನು ಬದಲಿಸುವ ಹಕ್ಕನ್ನು ಅವು ಕಾಯ್ದಿರಿಸಿಕೊಂಡಿರುತ್ತವೆ, ಖಾತೆ ತೆರೆಯುವಾಗ ನಾವು ಓದದೆ ಒಪ್ಪಿಗೆ ಒತ್ತುವ ಷರತ್ತುಗಳಲ್ಲಿ.