ಟ್ಯಾಂಕರ್ ಹೋದ ಮೇಲೂ ಅವ್ವನ ಎದೆ ಯಾಕೆ ಡವಡವ?

ಮೊನ್ನೆ ಸಂಜೆ ಅವ್ವನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಕಲಬುರಗಿಯ ಸೇಡಂ ರಸ್ತೆಯಲ್ಲಿ ಬರುತ್ತಿದ್ದೆ. ನೀರಿನ ಟ್ಯಾಂಕರ್ ಒಂದು ಹಾರ್ನ್ ಕೂಡ ಹೊಡೆಯದೆ, ಮೈಗೆ ತಾಗುವಷ್ಟು ಹತ್ತಿರದಿಂದ ಹಾದುಹೋಯಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆವು. ಚಹಾ ಬಂತು, ಆರಿಯೂ ಹೋಯಿತು. ಅವ್ವ ಮಾತ್ರ ಎದೆ ಮೇಲಿನ ಕೈ ತೆಗೆಯಲಿಲ್ಲ.

“ಟ್ಯಾಂಕರ್ ಹೋಗಿ ಎಷ್ಟೊತ್ತಾತು, ಎದಿ ಇನ್ನಾ ಡವಡವ ಅನ್ಲತ್ತದ ನೋಡು.”

ಮುಂಗೈ ಹಿಡಿದು ನಾಡಿ ಎಣಿಸಿದೆ. ನಿಮಿಷಕ್ಕೆ 112. ಅಂಗಡಿಯವನು “ಇಷ್ಟ್ಯಾಕ ಅಂಜ್ತೀರಿ ಅವ್ವಾರ” ಅಂದ. ಅವ್ವನ ಮುಖ ಸಣ್ಣಗಾಯಿತು. ನನಗೆ ಕೆಡುಕೆನಿಸಿತು, ಯಾಕೆಂದರೆ ಅದು ಅಂಜುಬುರುಕತನ ಅಲ್ಲವೇ ಅಲ್ಲ. ಭಯ ಆಗಲೇ ಹೋಗಿತ್ತು. ಹೆದರಿದಾಗ ಮೈ ಬಿಡುವ ಅಡ್ರಿನಲಿನ್ ಎಂಬ ಹಾರ್ಮೋನ್ ಮಾತ್ರ ರಕ್ತದಲ್ಲಿ ಇನ್ನೂ ಓಡಾಡುತ್ತಿತ್ತು.

ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ, ತಲೆ-ತೋಳುಗಳಿಂದ ರಕ್ತ ತರುವ ದೊಡ್ಡ ನಾಳ ಬಂದು ಸೇರುವ ಕಡೆ, ಒಂದು ಪುಟ್ಟ ಜೀವಕೋಶಗಳ ಗುಂಪು ಇದೆ. ಇದೇ ಹೃದಯದ ಹುಟ್ಟು ಪೇಸ್‌ಮೇಕರ್, ಅಂದರೆ ಬಡಿತಕ್ಕೆ ತಾಳ ಹಾಕುವ ಜಾಗ. ಮೋಲ್ ಎಂಬ, ನೆಲ ತೋಡಿ ಬದುಕುವ ಪುಟ್ಟ ಪ್ರಾಣಿಯ ಹೃದಯದಲ್ಲಿ ಇದನ್ನು ಮೊದಲು ಗುರುತಿಸಿದವನು ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಗುರು ಆರ್ಥರ್ ಕೀತ್ ಜೊತೆ 1907ರಲ್ಲಿ ಅದನ್ನು ಪ್ರಕಟಿಸಿದ.

ಹೃದಯದ ಬೇರೆ ಸ್ನಾಯುಕೋಶಗಳು ಯಾರಾದರೂ ಎಬ್ಬಿಸುವವರೆಗೆ ಸುಮ್ನೆ ಇರುತ್ತವೆ. ಈ ಕೋಶಗಳಿಗೆ ಸುಮ್ನಿರಲು ಬರುವುದಿಲ್ಲ. ಒಂದು ಬಡಿತ ಮುಗಿದಾಗ ಕೋಶದ ಒಳಗಿನ ವೋಲ್ಟೇಜ್ ಸುಮಾರು ಮೈನಸ್ 60 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಅಲ್ಲಿ ನಿಲ್ಲದೆ ತಾನಾಗಿಯೇ ಮೆಲ್ಲಗೆ ಮೇಲೇರುತ್ತದೆ. ಮೈನಸ್ 40ರ ಹತ್ತಿರ ಬಂದಾಗ ಕ್ಯಾಲ್ಸಿಯಂ ಒಳಗೆ ನುಗ್ಗಿ ಕಿಡಿ ಹೊತ್ತುತ್ತದೆ. ಅದೇ ಮುಂದಿನ ಬಡಿತ.

ನಳದ ಕೆಳಗೆ ಕೊಡ ಇಟ್ಟಿದ್ದೀರಿ ಅಂದುಕೊಳ್ಳಿ. ನೀರು ಸಣ್ಣಗೆ ಬೀಳುತ್ತಿದೆ. ಕೊಡ ತುಂಬಿ ತುಳುಕಿತು, ಎದೆ ಬಡಿಯಿತು. ಕೂಡಲೇ ಕೊಡ ಖಾಲಿ, ಮತ್ತೆ ತುಂಬಲು ಶುರು. ದಿನಕ್ಕೆ ಸುಮಾರು 1 ಲಕ್ಷ ಸಲ!

ಈ ನಳ ಯಾವುದು? ಕೋಶದ ಗೋಡೆಯಲ್ಲಿರುವ ಕೆಲವು ಬಾಗಿಲುಗಳು. ಅವುಗಳಿಂದ ಸೋಡಿಯಂ ಒಳಗೆ ಜಿನುಗುತ್ತದೆ. ಇಂಥ ಬಾಗಿಲುಗಳಲ್ಲಿ ಹೆಚ್ಚಿನವು ವೋಲ್ಟೇಜ್ ಏರಿದಾಗ ತೆರೆಯುತ್ತವೆ, ಇವು ಇಳಿದಾಗ ತೆರೆಯುತ್ತವೆ. ಉಲ್ಟಾ ಅಲ್ವಾ? ಅದಕ್ಕೇ ವಿಜ್ಞಾನಿಗಳು ಇದಕ್ಕೆ ಫನ್ನಿ ಕರೆಂಟ್ ಎಂದೇ ಹೆಸರಿಟ್ಟರು. 1979ರಲ್ಲಿ ಹಿಲರಿ ಬ್ರೌನ್, ಡಾರಿಯೊ ಡಿಫ್ರಾನ್ಸೆಸ್ಕೊ, ಸೂಸನ್ ನೋಬಲ್ ಮೊಲದ ಹೃದಯದ ಇದೇ ಭಾಗವನ್ನು ಪರೀಕ್ಷಿಸಿದರು. ಅಡ್ರಿನಲಿನ್ ಕೊಟ್ಟಾಗ ಈ ಕರೆಂಟ್ ಜಾಸ್ತಿಯಾಗುವುದನ್ನು ತೋರಿಸಿದರು.

ನನಗೆ ತುಂಬ ಇಷ್ಟವಾದ ಸಂಗತಿ ಇದು: ಈ ಕೆಲಸಕ್ಕೆ ಅಡ್ರಿನಲಿನ್ ಕೋಶದ ಒಳಗೆ ಕಾಲಿಡಬೇಕಾಗಿಯೇ ಇಲ್ಲ. ಹೊರಗೋಡೆಯಲ್ಲಿ ಇಂಥ ಸುದ್ದಿ ಹಿಡಿಯಲೆಂದೇ ಇರುವ ಬೀಟಾ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳುತ್ತದೆ, ಅಷ್ಟೇ. ಆಗ ಒಳಗಡೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಹೆಚ್ಚುತ್ತದೆ. ಅದು ಆ ಉಲ್ಟಾ ಬಾಗಿಲುಗಳ ಒಳಬದಿಗೆ ನೇರವಾಗಿ ಹೋಗಿ ಕೂರುತ್ತದೆ. ಬಾಗಿಲು ಇನ್ನೂ ಸಲೀಸಾಗಿ ತೆರೆಯುತ್ತದೆ. ಕ್ಯಾಲ್ಸಿಯಂ ಓಡಾಟವೂ ಚುರುಕಾಗುತ್ತದೆ. ಕೊಡ ಅಷ್ಟೇ ದೊಡ್ಡದು, ನಳ ಮಾತ್ರ ಜಾಸ್ತಿ ತಿರುವಿದ ಹಾಗೆ. ಬಡಿತಗಳ ನಡುವಿನ ಬಿಡುವು ಕಿರಿದಾಗುತ್ತದೆ. ಮನೆಗಳಲ್ಲಿ ಹಿರಿಯರು ತೆಗೆದುಕೊಳ್ಳುವ ಬೀಟಾ ಬ್ಲಾಕರ್ ಗುಳಿಗೆ ಮಾಡುವ ಕೆಲಸ ಈ ಗ್ರಾಹಕದ ಜಾಗವನ್ನು ಮೊದಲೇ ಹಿಡಿದು ಕೂರುವುದು. ಡಾಕ್ಟರನ್ನು ಕೇಳದೆ ಅದನ್ನು ಒಮ್ಮೆಲೇ ನಿಲ್ಲಿಸಬೇಡಿ, ಹೃದಯಕ್ಕೆ ಅಪಾಯ.

ಇನ್ನು ಅವ್ವನ 112. ಟ್ಯಾಂಕರ್ ಕಂಡ ಕ್ಷಣ ಮೊದಲು ಓಡಿದ್ದು ನರಗಳ ಸುದ್ದಿ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಹಗ್ಗ ಜಗ್ಗಿ ಹಿಡಿದಿರುವುದರಿಂದಲೇ ನಮ್ಮದು 70ರ ಆಸುಪಾಸಿನಲ್ಲಿರುತ್ತದೆ. ಹೆದರಿದಾಗ ಆ ಹಗ್ಗ ಸಡಿಲ, ಇನ್ನೊಂದು ಕಡೆಯ ನರಗಳ ಚಾಟಿ ಜೋರು. ಇದೆಲ್ಲ ಸೆಕೆಂಡುಗಳ ಮಾತು. ಮೂತ್ರಪಿಂಡದ ನೆತ್ತಿ ಮೇಲೆ ಕೂತ ಗ್ರಂಥಿ ಬಿಡುವ ಅಡ್ರಿನಲಿನ್ ರಕ್ತದ ದಾರಿ ಹಿಡಿದು ಬರಬೇಕು. ತಡವಾಗಿ ಬರುತ್ತದೆ, ನಿಧಾನವಾಗಿ ಕರಗುತ್ತದೆ.

ಇದಕ್ಕೆ ಸಾಕ್ಷಿ ಬೇಕಾದರೆ ಹೃದಯ ಕಸಿ ಮಾಡಿಸಿಕೊಂಡವರನ್ನು ನೋಡಬೇಕು. ಕಸಿಯಲ್ಲಿ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳು ಕತ್ತರಿಸಿಯೇ ಹೋಗಿರುತ್ತವೆ. ವೇಗಸ್ ಹಗ್ಗವಿಲ್ಲದ ಆ ಹೃದಯ ಕೂತಲ್ಲೇ 90, 100 ಬಡಿಯುತ್ತದೆ. ಅವರು ಮೆಟ್ಟಿಲು ಹತ್ತಲು ಶುರು ಮಾಡಿದಾಗ ಬಡಿತ ತಕ್ಷಣ ಏರುವುದಿಲ್ಲ. ರಕ್ತದಲ್ಲಿ ಹಾರ್ಮೋನ್ ಬರುವವರೆಗೆ ಕಾಯುತ್ತದೆ, ಒಂದೆರಡು ನಿಮಿಷ ಬಿಟ್ಟು ಏರುತ್ತದೆ. ಮೆಟ್ಟಿಲು ಮುಗಿದು ಕೂತ ಮೇಲೂ ಬಹಳ ಹೊತ್ತು ಇಳಿಯುವುದಿಲ್ಲ.

ಇದಿಷ್ಟನ್ನೂ ಆ ಬೆಂಚಿನ ಮೇಲೇ ಅವ್ವನಿಗೆ ಹೇಳಿದೆ, ಕೊಡ-ನಳದ ಲೆಕ್ಕದಲ್ಲಿ. ಅಂಗಡಿಯವನೂ ಕೇಳಿಸಿಕೊಂಡ, ಇನ್ನೊಂದು ಬಿಸಿ ಚಹಾ ತಂದಿಟ್ಟ. ಕುಡಿದಾದ ಮೇಲೆ ಅವ್ವ ತಾನಾಗಿಯೇ ಮುಂಗೈ ಚಾಚಿ “ಈಗ ಎಣಿಸು” ಅಂದಳು. 84.