ಕಂಪ್ಯೂಟರ್ ಮುಟ್ಟಿದರೆ ಜುಮ್ಮೆನ್ನುವುದೇಕೆ?

ಮನೆಗೆ ಕಂಪ್ಯೂಟರ್ ಕೊಳ್ಳಲು ಹೊರಟವರು ಪ್ರೊಸೆಸರ್ ಯಾವ ತಲೆಮಾರಿನದು, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಡವೇ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಸಾಮಾನ್ಯ ಬಳಕೆಗೆ ಈ ಪ್ರಶ್ನೆಗಳು ಅಷ್ಟು ದೊಡ್ಡವಲ್ಲ. ಎಸ್‌ಎಸ್‌ಡಿ ಇರಲಿ, 16 ಜಿಬಿ ರ‍್ಯಾಮ್ ಇರಲಿ, ಮಿಕ್ಕದ್ದನ್ನು ಜೇಬು ತೀರ್ಮಾನಿಸಲಿ. ಅಂಗಡಿಯಲ್ಲಿ ಯಾರೂ ಕೇಳದ, ಯಾರೂ ಹೇಳದ ಪ್ರಶ್ನೆ ಬೇರೆ ಇದೆ. ಆ ಕಂಪ್ಯೂಟರಿನ ಪ್ಲಗ್ ಸಿಕ್ಕಿಸುವ ಸಾಕೆಟ್ಟಿನಲ್ಲಿ ಮೇಲುಗಡೆಯ ದೊಡ್ಡ ತೂತಿನ ಹಿಂದೆ ಅರ್ಥ್ ತಂತಿ ಇದೆಯೇ? ಇದ್ದರೆ ಅದು ನಿಜವಾಗಿ ಭೂಮಿಯವರೆಗೆ ಹೋಗಿದೆಯೇ?

ಹೋಗಿಲ್ಲದ ಮನೆಗಳಲ್ಲಿ ಅದರ ಸುಳಿವು ಬೆರಳಿಗೇ ಸಿಗುತ್ತಿರುತ್ತದೆ. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂದೆ ಕೈಯಾಡಿಸಿದಾಗ, ಪೆನ್ ಡ್ರೈವ್ ಸಿಕ್ಕಿಸುವಾಗ ಒಂದು ಸಣ್ಣ ಜುಮ್. ಟೆಸ್ಟರ್ ಇಟ್ಟರೆ ಅದರ ದೀಪವೂ ಮಂದವಾಗಿ ಉರಿಯುತ್ತದೆ. ‘ಕರೆಂಟ್ ಲೀಕ್ ಆಗುತ್ತಿದೆ’ ಎಂಬ ತೀರ್ಪು ತಕ್ಷಣ ಹೊರಬೀಳುತ್ತದೆ. ರಿಪೇರಿಯವರು ಬರುತ್ತಾರೆ, ಒಳಗಿನ ಪವರ್ ಸಪ್ಲೈ ಡಬ್ಬಿಯನ್ನು, ಅಂದರೆ ಎಸ್‌ಎಂಪಿಎಸ್ ಅನ್ನು, ಬದಲಾಯಿಸುತ್ತಾರೆ. ಹೊಸದೂ ಹಾಗೆಯೇ ಜುಮ್ಮೆನ್ನುತ್ತದೆ. ಆಮೇಲೆ ಮೇಜಿನ ಕೆಳಗೆ ರಬ್ಬರ್ ಹಾಸು ಬರುತ್ತದೆ, ಕೆಲವರಲ್ಲಿ ಮೇಜಿನ ದಿಕ್ಕೂ ವಾಸ್ತುವಿನಂತೆ ಬದಲಾಗುತ್ತದೆ. 2020ರಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗ ಮೊಬೈಲಿನ ವಿಕಿರಣ ತಗ್ಗಿಸುತ್ತದೆಂದು ಸಗಣಿಯ ಚಿಪ್ ಬಿಡುಗಡೆ ಮಾಡಿದ ದೇಶ ನಮ್ಮದು. ಕಾಣದ ವಿಕಿರಣಕ್ಕೆ ಇಷ್ಟು ಹೆದರುವ ನಾವು ಕೈಗೆ ತಾಗುವ ವೋಲ್ಟೇಜನ್ನು ‘ಅದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗುತ್ತೇವೆ.

ಆ ಜುಮ್ಮಿನ ಮೂಲ ತಿಳಿಯಬೇಕಾದರೆ ಎಸ್‌ಎಂಪಿಎಸ್‌ನ ಒಳಗೆ ಇಣುಕಬೇಕು. ಮನಸ್ಸಿನಲ್ಲಿ ಮಾತ್ರ. ಅದರೊಳಗಿನ ದೊಡ್ಡ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ, ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೂ ಹೆಚ್ಚಿನ ಬಲವನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಂಡಿರಬಲ್ಲದು. ಆ ಡಬ್ಬಿಯ ಸ್ಕ್ರೂ ಬಿಚ್ಚುವುದು ಮನೆಯ ರಿಪೇರಿಯ ಪಟ್ಟಿಗೆ ಸೇರಿದ ಕೆಲಸವಲ್ಲ.

ಗೋಡೆಯಿಂದ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತದ ವಿದ್ಯುತ್ತು. ಕಂಪ್ಯೂಟರಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತು. ಹಳೆಯ ಯಂತ್ರಗಳಲ್ಲಿ ಈ ಇಳಿಕೆಯನ್ನು ಮಾಡುತ್ತಿದ್ದದ್ದು ಕಬ್ಬಿಣದ ತಗಡುಗಳ ಭಾರದ ಟ್ರಾನ್ಸ್‌ಫಾರ್ಮರ್. 1977ರ ಆಪಲ್ 2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಆ ಭಾರವನ್ನು ಬಿಟ್ಟು ಸ್ವಿಚಿಂಗ್ ಬಗೆಯ ಸಪ್ಲೈ ರೂಪಿಸಿದ. ಈ ಉಪಾಯ ಅದಕ್ಕೂ ಹಿಂದೆ ಬೇರೆ ಉಪಕರಣಗಳಲ್ಲಿತ್ತು, ಮನೆಯ ಮೇಜಿನ ಮೇಲೆ ಬಂದು ಕುಳಿತದ್ದು ಹೆಚ್ಚುಕಡಿಮೆ ಆ ಕಾಲದಲ್ಲಿ. ಇಂದು ಮೊಬೈಲ್ ಚಾರ್ಜರಿನಿಂದ ಟಿವಿಯವರೆಗೆ ಎಲ್ಲದರೊಳಗೂ ಇದೇ ಇದೆ.

ಉಪಾಯ ಬಲು ಸೊಗಸಾದದ್ದು. ಬಂದ ವಿದ್ಯುತ್ತನ್ನು ಮೊದಲು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿಸಿ, ಆಮೇಲೆ ಅದನ್ನು ಸೆಕೆಂಡಿಗೆ ಐವತ್ತು ಸಾವಿರದಿಂದ ಒಂದು ಲಕ್ಷ ಸಲ ಕತ್ತರಿಸುತ್ತಾರೆ. ಏಕೆ? ಬಾವಿಯಿಂದ ತೊಟ್ಟಿಗೆ ನೀರು ಹೊರುವವಳು ಗಂಟೆಗೆ ಒಂದೇ ಸಲ ಹೋಗಿ ಬರುವುದಾದರೆ ಹಂಡೆಯನ್ನೇ ಎತ್ತಬೇಕು. ಸಾವಿರ ಸಲ ಓಡಾಡಬಲ್ಲವಳಿಗೆ ಚಮಚ ಸಾಕು. ಟ್ರಾನ್ಸ್‌ಫಾರ್ಮರಿನ ತಿರುಳು ಒಂದೊಂದು ಆವರ್ತದಲ್ಲಿ ಒಂದಿಷ್ಟು ಶಕ್ತಿಯನ್ನು ದಾಟಿಸುತ್ತದೆ. ಆವರ್ತಗಳು ಸಾವಿರ ಪಟ್ಟು ಹೆಚ್ಚಿದರೆ ಪ್ರತಿಸಲದ ಹೊರೆ ಅಷ್ಟೇ ಕಡಿಮೆಯಾಗುತ್ತದೆ, ಇಟ್ಟಿಗೆಯಷ್ಟಿದ್ದ ಕಬ್ಬಿಣದ ಜಾಗಕ್ಕೆ ಬೆಂಕಿಪೊಟ್ಟಣದ ಗಾತ್ರದ ಫೆರೈಟ್ ಎಂಬ ಕಾಂತೀಯ ಪಿಂಗಾಣಿ ಬರುತ್ತದೆ. ಎಷ್ಟು ಹೊತ್ತು ಕತ್ತರಿಸಬೇಕೆಂಬುದನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುವುದರಿಂದ ಒಳಬರುವ ವೋಲ್ಟೇಜ್ ಏರಿಳಿದರೂ ಹೊರಹೋಗುವುದು ಅಲುಗುವುದಿಲ್ಲ.

ಹಾಗಾಗಿ ಸ್ಟೆಬಿಲೈಸರಿನ ಮಾತನ್ನು ಇಲ್ಲೇ ಮುಗಿಸಿಬಿಡಬಹುದು. ಸಪ್ಲೈ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ, ಹಳ್ಳಿಯಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ 150ಕ್ಕೆ ಕುಸಿದರೂ ಕಂಪ್ಯೂಟರಿಗೆ ಅದರ ಗೊಡವೆಯಿಲ್ಲ. ಸ್ಟೆಬಿಲೈಸರ್ ಫ್ರಿಜ್ಜಿಗೆ ಬೇಕಾದ ವಸ್ತು. ಆ ಹಣವನ್ನು ಒಳ್ಳೆಯ ದರ್ಜೆಯ ಎಸ್‌ಎಂಪಿಎಸ್‌ಗೆ ಹಾಕಿ. ಕ್ಯಾಬಿನೆಟ್ಟಿನ ಜೊತೆ ‘ಉಚಿತವಾಗಿ’ ಬರುವ ಹಗುರ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇರಲಿ, ಆದರೆ ಅದು ಭೂಮಿಗೆ ಸಂಪರ್ಕವನ್ನು ಹುಟ್ಟಿಸಿಕೊಡುವುದಿಲ್ಲ. ಗೋಡೆಯಲ್ಲಿ ಇದ್ದದ್ದನ್ನು ಮುಂದಕ್ಕೆ ದಾಟಿಸುತ್ತದೆ, ಅಷ್ಟೆ.

ಇಷ್ಟು ವೇಗದಲ್ಲಿ ವಿದ್ಯುತ್ತನ್ನು ಕತ್ತರಿಸಿದರೆ ಗದ್ದಲವೇಳುತ್ತದೆ. ಅದು ತಂತಿಯಲ್ಲಿ ಹಿಂದಕ್ಕೆ ಹರಿದು ಪಕ್ಕದ ಮನೆಯ ರೇಡಿಯೊವನ್ನು ಕೆಡಿಸಬಾರದೆಂದು ಪ್ಲಗ್ಗಿನ ಬುಡದಲ್ಲೇ ಒಂದು ಸೋಸುಕ ಇಡುತ್ತಾರೆ. ಅದರಲ್ಲಿ ಎರಡು ಪುಟ್ಟ ಕೆಪಾಸಿಟರುಗಳಿವೆ, ವೈ ಕೆಪಾಸಿಟರ್ ಎಂದು ಹೆಸರು. ಒಂದು ಕರೆಂಟ್ ತರುವ ಫೇಸ್ ತಂತಿಯಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ಅದನ್ನು ಹಿಂದಕ್ಕೊಯ್ಯುವ ನ್ಯೂಟ್ರಲ್ ತಂತಿಯಿಂದ ಕ್ಯಾಬಿನೆಟ್ಟಿಗೆ. ಗದ್ದಲವೆಲ್ಲ ಇವುಗಳ ಮೂಲಕ ಲೋಹದ ಮೈಗೆ, ಅಲ್ಲಿಂದ ಮೂರನೆಯ ಪಿನ್ನಿನ ದಾರಿಯಾಗಿ ಮಣ್ಣಿಗೆ ಇಳಿಯಲಿ ಎಂಬುದು ಲೆಕ್ಕ. ಮೂರನೆಯ ಪಿನ್ನು ಎಲ್ಲಿಗೂ ಹೋಗದಿದ್ದರೆ? ಫೇಸಿಗೂ ನ್ಯೂಟ್ರಲಿಗೂ ನಡುವೆ ಸಮನಾದ ಎರಡು ಕೆಪಾಸಿಟರುಗಳು, ಅವುಗಳ ನಟ್ಟನಡುವೆ ನಿಮ್ಮ ಕ್ಯಾಬಿನೆಟ್ಟು. 230ರ ಅರ್ಧ 115. ಕಂಪ್ಯೂಟರಿನ ಮೈ ಆ ವೋಲ್ಟೇಜಿನಲ್ಲಿ ತೇಲುತ್ತದೆ. ಏನೂ ಕೆಟ್ಟಿಲ್ಲ, ಏನೂ ಸೋರುತ್ತಿಲ್ಲ. ಕೆಟ್ಟಿರುವುದು ಗೋಡೆ.

ಅದು ಹರಿಸಬಲ್ಲ ಕರೆಂಟ್ ಬಹಳ ಕಡಿಮೆ. 2.2 ನ್ಯಾನೊಫ್ಯಾರಡ್ ಕೆಪಾಸಿಟರಿನ ಮೂಲಕ ಸುಮಾರು 0.16 ಮಿಲಿಆಂಪಿಯರ್. ಇದು ಸಾಮಾನ್ಯವಾಗಿ ಚರ್ಮಕ್ಕೆ ತಿಳಿಯುವ ಮಟ್ಟಕ್ಕಿಂತಲೂ ಕೆಳಗಿನದು. ಹಾಗಿದ್ದರೆ ಬೆರಳಿಗೆ ತಿಳಿದದ್ದು ಏನು? ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಬಳಸುವವರು ಗಮನಿಸಿರಬಹುದು, ಬೆರಳನ್ನು ಸುಮ್ಮನೆ ಇಟ್ಟರೆ ಏನೂ ಇಲ್ಲ, ಮೆಲ್ಲನೆ ಸವರಿದರೆ ಮಾತ್ರ ಮೇಲ್ಮೈ ತರಿತರಿಯಾದಂತೆ ಗರಗರ ಎನ್ನುತ್ತದೆ. 1953ರಲ್ಲಿ ಅಮೆರಿಕದ ಎಡ್ವರ್ಡ್ ಮಾಲಿನ್‌ಕ್ರಾಟ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಹಿತ್ತಾಳೆಯ ದೀಪದ ಸಾಕೆಟ್ಟು ದೀಪ ಉರಿಯುವಾಗ ಒಂದು ಬಗೆ, ಆರಿದಾಗ ಇನ್ನೊಂದು ಬಗೆ ಕೈಗೆ ತೋರಿದ್ದೇ ಅವರ ಶೋಧಕ್ಕೆ ದಾರಿ. ಒಣ ಚರ್ಮದ ಮೇಲ್ಪದರ ವಿದ್ಯುತ್ತನ್ನು ಬಿಡುವುದಿಲ್ಲ. ಅದರ ಒಂದು ಬದಿಗೆ ಲೋಹ, ಇನ್ನೊಂದು ಬದಿಗೆ ಒಳಗಿನ ಒದ್ದೆ ಮಾಂಸ, ಹೀಗೆ ಬೆರಳೇ ಕೆಪಾಸಿಟರ್ ಆಗುತ್ತದೆ. ಎರಡು ಬದಿಗಳು ಒಂದನ್ನೊಂದು ಸೆಳೆಯುತ್ತವೆ. ವೋಲ್ಟೇಜ್ ಧನವಿರಲಿ ಋಣವಿರಲಿ ಸೆಳೆತ ಸೆಳೆತವೇ ಆದ್ದರಿಂದ ಅದು ಸೆಕೆಂಡಿಗೆ 50 ಸಲವಲ್ಲ, 100 ಸಲ ಬಿಗಿಯಾಗಿ ಸಡಿಲಾಗುತ್ತದೆ. ಬೆರಳು ಸರಿಯುವಾಗ ಘರ್ಷಣೆ ಅದೇ ಲಯದಲ್ಲಿ ಹೆಚ್ಚಿ ಇಳಿಯುತ್ತದೆ. ನಿಮಗೆ ತಿಳಿಯುವುದು ಶಾಕ್ ಅಲ್ಲ, ಕಂಪನ. ಮನೆಯಲ್ಲಿ ಇಷ್ಟು ಚೆಂದದ ಭೌತವಿಜ್ಞಾನ ಪ್ರಯೋಗ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ, ಅದು ತಪ್ಪು ವೈರಿಂಗಿನ ಫಲವೆಂಬುದನ್ನು ಬಿಟ್ಟರೆ.

ಚರ್ಮ ಒದ್ದೆಯಾಗಿದ್ದರೆ, ಮುಂಗೈಯ ಮೃದು ಭಾಗ ತಾಗಿದರೆ ಕಥೆ ಬದಲಾಗುತ್ತದೆ. ಕಂಪ್ಯೂಟರುಗಳು ಹಲವಿದ್ದರೆ ಇನ್ನೂ ಬದಲಾಗುತ್ತದೆ. ಶಾಲೆಯ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕೆಂಬ ನಿಯಮ ಒಂದು ತಲೆಮಾರಿಗೆಲ್ಲ ನೆನಪಿರುತ್ತದೆ. ಧೂಳು ಬೇಡವೆಂದು ಶುರುವಾದದ್ದು ಕ್ರಮೇಣ ಮಡಿಯಾಯಿತು. ಅಂಥ ಕೋಣೆಯ 20 ಯಂತ್ರಗಳ ಅರ್ಥ್ ತಂತಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡು, ಕೊನೆಗೆ ಮಣ್ಣನ್ನು ಮುಟ್ಟದೆ ನಿಂತಿವೆ ಎನ್ನಿ. ಒಂದೊಂದರ 0.16 ಸೇರಿ 3 ಮಿಲಿಆಂಪಿಯರ್ ದಾಟುತ್ತದೆ. ಸಿಮೆಂಟು ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ಮಗುವಿಗೆ ಇದು ಕಂಪನವಲ್ಲ, ಸ್ಪಷ್ಟವಾದ ಹೊಡೆತ. ಚಪ್ಪಲಿ ಇದ್ದಿದ್ದರೆ ತಾಗುತ್ತಲೇ ಇರಲಿಲ್ಲ.

ಮನುಷ್ಯರ ಮಾತು ಹಾಗಿರಲಿ, ಚಿಪ್ಪುಗಳಿಗೆ ಈ ತೇಲಾಟ ಇನ್ನೂ ದುಬಾರಿ. ಟಿವಿಗೆ ಕೇಬಲ್ ಅಥವಾ ಡಿಶ್‌ನ ತಂತಿ ಹೊರಗಿನಿಂದ ಬಂದಿರುತ್ತದೆ, ಅದರ ಲೋಹದ ಹೊದಿಕೆ ಎಲ್ಲೋ ಭೂಮಿಗೆ ತಾಗಿರುತ್ತದೆ. 115 ವೋಲ್ಟಿನಲ್ಲಿ ತೇಲುವ ಕಂಪ್ಯೂಟರಿನಿಂದ ಅದಕ್ಕೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಒಂದು ಕಿಡಿ, ಐದು ವೋಲ್ಟಿನೊಳಗೆ ಬದುಕುವ ಚಿಪ್ಪಿನ ಮೂಲಕ. ‘ಪೋರ್ಟ್ ಹೋಯಿತು, ಬೋರ್ಡ್ ಬದಲಾಯಿಸಬೇಕು’ ಎಂಬ ಬಿಲ್ಲುಗಳಲ್ಲಿ ಕೆಲವಕ್ಕಾದರೂ ಕಾರಣ ಇದೇ. ಅರ್ಥಿಂಗ್ ಸರಿಯಾಗುವವರೆಗೆ ಕೇಬಲ್ ಜೋಡಿಸುವ ಮುನ್ನ ಎರಡೂ ಕಡೆಯ ಪ್ಲಗ್ಗುಗಳನ್ನು ಗೋಡೆಯಿಂದಲೇ ಕಿತ್ತಿರಿ.

ಸಿಡಿಲಿನ ಮುಂದೆಯೂ ಮೂರನೆಯ ಪಿನ್ನಿನದೇ ಪಾರುಪತ್ಯ. ಸ್ಪೈಕ್ ಬಸ್ಟರ್ ಎಂದು ಮಾರುವ ಪಟ್ಟಿಯೊಳಗೆ ನಿಜವಾಗಿ ಕೆಲಸ ಮಾಡುವುದು ಗುಂಡಿಯಂಥ ಒಂದು ಬಿಲ್ಲೆ, ವ್ಯಾರಿಸ್ಟರ್. 1960ರ ದಶಕದ ಕೊನೆಯಲ್ಲಿ ಜಪಾನಿನ ಮಾತ್ಸುಶಿತಾ ಕಂಪನಿಯ ಮಿಚಿಯೊ ಮಾತ್ಸುಒಕಾ ಸತುವಿನ ಆಕ್ಸೈಡನ್ನು ಸುಟ್ಟು ಮಾಡಿದ ಪಿಂಗಾಣಿ ಅದು. ಅದರಲ್ಲಿ ಹರಳುಗಳು ಒತ್ತೊತ್ತಾಗಿ ಕೂತಿವೆ, ಎರಡು ಹರಳುಗಳ ನಡುವಿನ ಒಂದೊಂದು ಗಡಿಯೂ ಸುಮಾರು 3 ವೋಲ್ಟನ್ನು ತಡೆಯುತ್ತದೆ. ಗಡಿಗಳ ಸಾಲು ಎಷ್ಟು ಉದ್ದವೋ ತಡೆ ಅಷ್ಟು. ಅದನ್ನು ಮೀರಿದ ಕೂಡಲೇ ಎಲ್ಲ ಗಡಿಗಳೂ ಒಟ್ಟಿಗೆ ಬಾಗಿಲು ತೆರೆದು ಹೆಚ್ಚುವರಿ ವಿದ್ಯುತ್ತನ್ನು ಭೂಮಿಯ ಕಡೆಗೆ ತಳ್ಳುತ್ತವೆ. ಭೂಮಿಗೆ ದಾರಿಯೇ ಇಲ್ಲದಿದ್ದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಇರುವ ಬಿಲ್ಲೆಯೊಂದೇ ಆಸರೆ. ಪ್ರತಿ ಹೊಡೆತಕ್ಕೂ ಬಿಲ್ಲೆ ಒಂದಿಷ್ಟು ಸವೆಯುತ್ತದೆ ಎಂಬುದೂ ನೆನಪಿರಲಿ. ಮಿನುಗುವ ಕೆಂಪು ದೀಪ ಸ್ವಿಚ್ ಹಾಕಿದೆ ಎಂದಷ್ಟೇ ಹೇಳುತ್ತದೆ, ಬಿಲ್ಲೆಯ ಆರೋಗ್ಯವನ್ನಲ್ಲ.

ಅದೂ ದೂರದ ಸಿಡಿಲಿಗೆ. ಸಮೀಪದಲ್ಲೇ ಎರಗಿದರೆ ಮೂವತ್ತು ಸಾವಿರ ಆಂಪಿಯರಿನ ಆಸುಪಾಸಿನ ಪ್ರವಾಹ ಯಾವ ಬಿಲ್ಲೆಗೂ ಬಗ್ಗುವುದಿಲ್ಲ. ಸ್ವಿಚ್ ಆರಿಸಿದರೆ ಸಾಕೆನ್ನುವವರು ಗಮನಿಸಬೇಕು: ಸ್ವಿಚ್ಚಿನೊಳಗಿನ ಸಂದು ಕೆಲವೇ ಮಿಲಿಮೀಟರ್, ಒಂದು ಮಿಲಿಮೀಟರ್ ಗಾಳಿ ತಡೆಯುವುದು ಸುಮಾರು ಮೂರು ಸಾವಿರ ವೋಲ್ಟನ್ನು. ಮೇಲಾಗಿ ನಮ್ಮ ಸ್ವಿಚ್ಚುಗಳು ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೆಯೇ ಕೂಡಿಕೊಂಡಿರುತ್ತದೆ. ಮೋಡ ಕವಿದಾಗಲೇ ಪ್ಲಗ್ ಕೀಳಿ, ತಾಮ್ರದ ತಂತಿಯಲ್ಲಿ ಬರುವ ಇಂಟರ್ನೆಟ್ ಆದರೆ ಅದನ್ನೂ ಕೀಳಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಕೀಳಲು ಓಡಬೇಡಿ.

ಇಷ್ಟೆಲ್ಲ ಇದ್ದೂ ನಮ್ಮ ಮನೆಗಳಲ್ಲಿ ಮೂರನೆಯ ತಂತಿ ಏಕೆ ಅನಾಥವಾಯಿತು? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಮನೆಗೆ ಬಂದದ್ದು ಬಲ್ಬಿಗಾಗಿ, ಫ್ಯಾನಿಗಾಗಿ. ಅವಕ್ಕೆ ಎರಡು ತಂತಿ ಸಾಕು. ಮರದ ಪಟ್ಟಿಯ ಮೇಲೆ ಮೊಳೆ ಹೊಡೆದ ಆ ಎರಡು ತಂತಿಗಳ ಮನೆಗೇ ಮುಂದೆ ಇಸ್ತ್ರಿಪೆಟ್ಟಿಗೆ, ಫ್ರಿಜ್ಜು, ಕಂಪ್ಯೂಟರು ಬಂದವು. ಮೂರು ಪಿನ್ನಿನ ಸಾಕೆಟ್ಟನ್ನು ಹಾಕಿದರು, ಮೇಲಿನ ತೂತಿಗೆ ಏನನ್ನೂ ಕಟ್ಟಲಿಲ್ಲ. ಮೂರನ್ನು ಎರಡಾಗಿಸುವ ಅಡಾಪ್ಟರನ್ನು ಇಂದಿಗೂ ಎಲ್ಲ ಅಂಗಡಿಗಳಲ್ಲಿ ಮಾರುತ್ತಾರೆ. ಆ ಮೇಲಿನ ಪಿನ್ನು ಉದ್ದವಾಗಿರುವುದು ಎಲ್ಲಕ್ಕಿಂತ ಮೊದಲು ತಾಗಿ ಕೊನೆಗೆ ಬಿಡಲಿ ಎಂದು, ದಪ್ಪಗಿರುವುದು ತಪ್ಪಿಯೂ ಫೇಸಿನ ತೂತಿಗೆ ಹೋಗದಿರಲಿ ಎಂದು. ಹೆಚ್ಚು ಕರೆಂಟ್ ಎಳೆಯುವುದಕ್ಕೆಂದು ತಿಳಿದವರೇ ಜಾಸ್ತಿ.

ಇದಕ್ಕಿಂತ ಅಪಾಯಕಾರಿಯಾದ ಜಾಣತನವೊಂದಿದೆ. ಜುಮ್ಮೆನ್ನುತ್ತದೆಂದು ದೂರಿದರೆ ಕೆಲವರು ಸಾಕೆಟ್ಟಿನೊಳಗೇ ಒಂದು ತುಂಡು ತಂತಿಯಿಂದ ನ್ಯೂಟ್ರಲನ್ನು ಅರ್ಥ್ ತೂತಿಗೆ ಜೋಡಿಸಿ ಹೋಗುತ್ತಾರೆ. ಜುಮ್ಮು ನಿಲ್ಲುತ್ತದೆ, ಮನೆಯವರಿಗೆ ಸಂತೋಷ. ಮುಂದೊಂದು ದಿನ ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಾದರೂ ಕಳಚಿದರೆ, ಉರಿಯುತ್ತಿರುವ ಬಲ್ಬಿನ ಮೂಲಕ ಪೂರ್ತಿ 230 ವೋಲ್ಟ್ ನಿಮ್ಮ ಕ್ಯಾಬಿನೆಟ್ಟಿನ ಮೈಗೆ ಬಂದು ನಿಲ್ಲುತ್ತದೆ. ಈ ಸಲ 0.16 ಮಿಲಿಆಂಪಿಯರಿನ ಮಿತಿ ಇರುವುದಿಲ್ಲ.

ಪರೀಕ್ಷೆ ಐದು ನಿಮಿಷದ್ದು, ಎಲೆಕ್ಟ್ರಿಷಿಯನ್ನಿನ ಡಿಜಿಟಲ್ ಮೀಟರ್ ಸಾಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಎರಡನೆಯದು 60, 90 ಎಂದು ಅಲೆದಾಡಿದರೆ ತಂತಿ ತೇಲುತ್ತಿದೆ. ಮೂರನೆಯದು ಗೀಸರ್ ಓಡುತ್ತಿರುವಾಗಲೂ ಕರಾರುವಾಕ್ಕಾಗಿ ಸೊನ್ನೆ ತೋರಿಸಿದರೆ ಅನುಮಾನಿಸಿ, ಸಾಕೆಟ್ ಬಿಚ್ಚಿಸಿ ನೋಡಿ, ಆ ತುಂಡು ತಂತಿ ಅಲ್ಲಿರಬಹುದು. ಕರೆಂಟ್ ಸೋರಿದ ಕೂಡಲೇ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಅದೇ ಭೇಟಿಯಲ್ಲಿ ಹಾಕಿಸಿಕೊಳ್ಳಿ.

ಇನ್ನು ಗುಂಡಿ. ಇದ್ದಿಲು ಮತ್ತು ಉಪ್ಪು ತುಂಬಿ ಕೊಳವೆ ಹೂತ ಅರ್ಥ್ ಗುಂಡಿ ಕೆಲಸ ಮಾಡುವುದು ತೇವವಿದ್ದರೆ ಮಾತ್ರ. ಕರಾವಳಿಯ ಮುರಕಲ್ಲಿನ ನೆಲದಲ್ಲಿ, ಬಯಲುಸೀಮೆಯ ಬಂಡೆಯ ಮೇಲೆ ಅದು ಏಪ್ರಿಲ್ ಹೊತ್ತಿಗೆ ಪೂರ್ತಿ ಒಣಗಿರುತ್ತದೆ, ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು ಬರುವುದೂ ಆಗಲೇ. ಬೇಸಿಗೆಯಲ್ಲಿ ಆಗಾಗ ಒಂದೆರಡು ಕೊಡ ನೀರು ಹಾಕಿಸಿ. ಮನೆ ಅಂದಗಾಣಿಸುವಾಗ ಅದರ ಮೇಲೆ ಟೈಲ್ಸ್ ಹಾಸಿದ್ದರೆ ಒಡೆಸಿ ತೆರೆಸಿ, ಕೊಳವೆಯ ತಲೆಯಲ್ಲಿ ತಂತಿ ಕಟ್ಟಿದ ಬೋಲ್ಟು ತುಕ್ಕು ಹಿಡಿದು ಉದುರಿಹೋಗಿದೆಯೇ ನೋಡಿ. ಬಹಳ ಮನೆಗಳಲ್ಲಿ ಇಡೀ ವ್ಯವಸ್ಥೆ ಕೈಕೊಟ್ಟಿರುವುದು ಆ ಒಂದು ಬೋಲ್ಟಿನಲ್ಲಿ.