ಸೋರುವ ಚಾವಣಿ ಮತ್ತು ನೂರು ರೂಪಾಯಿಯ ಕಡಿತ

ಪ್ರಶ್ನೆ: ಸರ್ಕಾರಿ ವಸತಿಗೃಹಗಳು ಸೋರುತ್ತಿವೆ ಎಂದು ಲೋಕಸಭೆಯಲ್ಲಿ ದೂರುವ ಸದಸ್ಯರೇ ಅವುಗಳ ಹೊಣೆ ಹೊತ್ತ ಸಚಿವಾಲಯದ ಅನುದಾನದಲ್ಲಿ 100 ರೂಪಾಯಿ ಕಡಿಮೆ ಮಾಡಿ ಎಂದು ಸೂಚನೆ ಕೊಡುತ್ತಾರೆ. ಹೆಚ್ಚು ಹಣ ಕೇಳುವುದು ಬಿಟ್ಟು ಇದೆಂಥ ನ್ಯಾಯ?

ಬಜೆಟ್ ಅಧಿವೇಶನ ಶುರುವಾದರೆ ಸಾಕು, ಈ ಪ್ರಶ್ನೆ ತಪ್ಪದೆ ಬರುತ್ತದೆ. ಸಾವಿರಾರು ಕೋಟಿಯಲ್ಲಿ ನೂರು ರೂಪಾಯಿ ಉಳಿಸಿ ಯಾರನ್ನು ಉದ್ಧಾರ ಮಾಡುತ್ತಾರೆ ಎಂಬ ಗೇಲಿಯೂ ಅದರ ಬೆನ್ನಿಗೇ ಇರುತ್ತದೆ. ಉತ್ತರ ಚಿಕ್ಕದು: ಹೆಚ್ಚು ಕೊಡಿ ಎಂದು ಸೂಚನೆ ಮಂಡಿಸಲು ಅವರಿಗೆ ಅಧಿಕಾರವಿಲ್ಲ.

ಇಷ್ಟು ಹೇಳಿದರೂ ಯಾರೂ ಒಪ್ಪುವುದಿಲ್ಲ. ‘ನಮ್ಮ ಸಂಸದರು ಗಟ್ಟಿಯಾಗಿ ದನಿ ಎತ್ತಿದ್ದರೆ ಸದನವೇ ಹತ್ತು ಕೋಟಿ ಸೇರಿಸಿಕೊಡುತ್ತಿತ್ತು’ ಎಂಬ ನಂಬಿಕೆ ಅಷ್ಟು ಆಳಕ್ಕೆ ಬೇರು ಬಿಟ್ಟಿದೆ. ದಯವಿಟ್ಟು ಸಂವಿಧಾನದ 113ನೇ ವಿಧಿಯನ್ನು ಒಮ್ಮೆ ತೆರೆದು ನೋಡಿ. ಅನುದಾನದ ಬೇಡಿಕೆ, ಅಂದರೆ ಸಚಿವಾಲಯವೊಂದರ ವರ್ಷದ ಖರ್ಚಿಗೆ ಸರ್ಕಾರ ಕೇಳುವ ಹಣದ ಪ್ರಸ್ತಾವ, ಮುಂದೆ ಬಂದಾಗ ಲೋಕಸಭೆ ಅದನ್ನು ಒಪ್ಪಬಹುದು, ನಿರಾಕರಿಸಬಹುದು, ಇಲ್ಲವೇ ಮೊತ್ತ ಇಳಿಸಿ ಒಪ್ಪಬಹುದು. ಏರಿಸುವ ಮಾತು ಅಲ್ಲಿ ಎಲ್ಲೂ ಇಲ್ಲ. ರಾಷ್ಟ್ರಪತಿಯವರ ಶಿಫಾರಸಿಲ್ಲದೆ ಯಾವ ಬೇಡಿಕೆಯನ್ನೂ ಮಂಡಿಸುವಂತಿಲ್ಲ ಎಂದೂ ಅದೇ ವಿಧಿ ಹೇಳುತ್ತದೆ. ರಾಷ್ಟ್ರಪತಿ ನಡೆಯುವುದು ಸಂಪುಟದ ಸಲಹೆಯಂತೆ. ಹಾಗಾಗಿ ಹಣ ಕೇಳುವುದು ಸರ್ಕಾರದ ಕೆಲಸ, ಕೊಡುವುದೋ ಬೇಡವೋ ಎನ್ನುವುದು ಸದನದ ಕೆಲಸ. ಹತ್ತು ಕೋಟಿ ಬೇಕೆಂದು ಭಾಷಣದಲ್ಲಿ ಒತ್ತಾಯಿಸಲು ಅಡ್ಡಿಯಿಲ್ಲ. ಅದನ್ನು ಮತಕ್ಕೆ ಹಾಕಲು ಮಾತ್ರ ದಾರಿಯಿಲ್ಲ.

ಉಳಿದ ಒಂದೇ ಬಾಗಿಲು ಕಡಿತ ಸೂಚನೆ. ಲೋಕಸಭೆಯ ನಿಯಮಾವಳಿಯ 209ನೇ ನಿಯಮ ಮೂರು ಬಗೆಯ ಸೂಚನೆಗಳನ್ನು ಹೇಳುತ್ತದೆ. ಸರ್ಕಾರದ ನೀತಿಯನ್ನೇ ಒಪ್ಪದವರು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನುತ್ತಾರೆ. ದುಂದುವೆಚ್ಚ ಕಂಡವರು ಇಂತಿಷ್ಟು ಮೊತ್ತ ಎಂದು ಹೆಸರಿಸುತ್ತಾರೆ. ನಿರ್ದಿಷ್ಟ ಕುಂದುಕೊರತೆ ಹೇಳಿಕೊಳ್ಳಬೇಕಾದವರಿಗೆ 100 ರೂಪಾಯಿಯ ಸಾಂಕೇತಿಕ ಕಡಿತ. ಕೇಂದ್ರ ಲೋಕೋಪಯೋಗಿ ಇಲಾಖೆಯ ವಸತಿಗೃಹ ಸೋರುತ್ತಿದೆ ಎನ್ನುವವರು ಹಿಡಿಯುವುದು ಈ ಮೂರನೆಯದನ್ನು. ಸೂಚನೆಯಲ್ಲಿ ಬರೆದ ದೂರಿನ ಮೇಲೆ ಮಾತನಾಡುವ ಹಕ್ಕು ಸಿಗಲಿ ಎಂಬುದಷ್ಟೇ ಉದ್ದೇಶ. ನೂರು ರೂಪಾಯಿ ಉಳಿಸಲು ಯಾರೂ ಹೊರಟಿಲ್ಲ. ಸೂಚನೆ ಗೆದ್ದರೆ ಸರ್ಕಾರ ಸದನದ ವಿಶ್ವಾಸ ಕಳೆದುಕೊಂಡಂತೆ. ಆದ್ದರಿಂದ ಬಹುಮತವಿರುವ ಸರ್ಕಾರ ಅದನ್ನು ಬೀಳಿಸಿಯೇ ತೀರುತ್ತದೆ.

ಆ ಮಾತಿಗೂ ಪ್ರತಿವರ್ಷ ಸಮಯ ಸಿಗುವುದಿಲ್ಲ. ಚರ್ಚೆಗೆ ಗೊತ್ತುಮಾಡಿದ ಕೊನೆಯ ದಿನ ‘ಗಿಲೋಟಿನ್’ ಬಿದ್ದರೆ, ಅಂದರೆ ಚರ್ಚೆಯನ್ನು ಅಲ್ಲಿಗೇ ಕತ್ತರಿಸಿದರೆ, ಚರ್ಚೆಯಾಗದ ಬೇಡಿಕೆಗಳೆಲ್ಲ ಒಟ್ಟಿಗೆ ಮತಕ್ಕೆ ಹೋಗುತ್ತವೆ.

ಹಾಗೆಂದು ಸೋರಿಕೆಯ ದೂರಿಗೆ ಅನುದಾನದ ಚರ್ಚೆಯೇ ಬೇಕೆಂದಿಲ್ಲ. 2023ರ ಮೇ 28ರಂದು ಉದ್ಘಾಟನೆಯಾದ ಹೊಸ ಸಂಸತ್ ಭವನದ ಲಾಬಿಯಲ್ಲೇ ಮರುವರ್ಷದ ಮಳೆಗೆ ನೀರು ತೊಟ್ಟಿಕ್ಕಿ, ಕೆಳಗೆ ಬಕೆಟ್ ಇಟ್ಟ ದೃಶ್ಯವನ್ನು ದೇಶವೇ ನೋಡಿತು. 2024ರ ಆಗಸ್ಟ್ 1ರಂದು ಕಾಂಗ್ರೆಸ್ ಸದಸ್ಯ ಮಾಣಿಕಂ ಟ್ಯಾಗೋರ್ ಅದರ ಬಗ್ಗೆ ನಿಲುವಳಿ ಸೂಚನೆಗೆ (ಸದನದ ಉಳಿದ ಕೆಲಸ ಬದಿಗಿಟ್ಟು ತುರ್ತು ವಿಷಯ ಚರ್ಚಿಸಿ ಎನ್ನುವ ಸೂಚನೆ) ನೋಟಿಸ್ ಕೊಟ್ಟರು. ಗಾಜಿನ ಗುಮ್ಮಟ ಕೂರಿಸಲು ಬಳಸಿದ ಅಂಟು ತುಸು ಜರುಗಿತ್ತು, ಸರಿಪಡಿಸಿದ್ದೇವೆ ಎಂದು ಲೋಕಸಭಾ ಸಚಿವಾಲಯ ಹೇಳಿತು.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ, ಏಕೆಂದರೆ ಕೇಳಬೇಕಾದ ಪ್ರಶ್ನೆ ಅದೇ. ಹೊಸ ಕಟ್ಟಡಕ್ಕೆ ಇಟ್ಟು ಖರ್ಚಾಗದ ಹಣದಲ್ಲಿ ಹಳೆಯದರ ಚಾವಣಿ ರಿಪೇರಿ ಮಾಡಬಾರದೇ? ಮಾಡುವಂತಿಲ್ಲ. ಕಚೇರಿ ಕಟ್ಟಡಗಳ ನಿರ್ವಹಣೆ ರಾಜಸ್ವ ವೆಚ್ಚ, ಅಂದರೆ ದೈನಂದಿನ ಖರ್ಚು; ಸರ್ಕಾರಿ ಲೆಕ್ಕದಲ್ಲಿ ಅದರ ಖಾತೆ, ಅಂದರೆ ಲೆಕ್ಕಶೀರ್ಷಿಕೆ, 2059. ಹೊಸ ನಿರ್ಮಾಣ ಬಂಡವಾಳ ವೆಚ್ಚ, ಅಂದರೆ ಆಸ್ತಿ ಕಟ್ಟುವ ಖರ್ಚು; ಶೀರ್ಷಿಕೆ 4059. ವಸತಿಗೃಹಗಳಿಗೆ ಕ್ರಮವಾಗಿ 2216 ಮತ್ತು 4216. ಬಂಡವಾಳದಿಂದ ರಾಜಸ್ವಕ್ಕೆ ಹಣ ಮರುಹೊಂದಿಸಲು ಆರ್ಥಿಕ ನಿಯಮಗಳು ಬಿಡುವುದಿಲ್ಲ. ಒಂದೇ ಆವರಣದಲ್ಲಿ ಹೊಸ ಬ್ಲಾಕ್ ಏಳುತ್ತಿರುವಾಗ ಪಕ್ಕದ ಹಳೆಯ ಬ್ಲಾಕಿನ ಗೋಡೆ ಪಾಚಿಗಟ್ಟುವುದಕ್ಕೆ ಕೆಲವೊಮ್ಮೆ ಇದೇ ಕಾರಣ. ಎಂಜಿನಿಯರ್‌ಗೆ ಬೈದು ಫಲವಿಲ್ಲ. ಮಾರ್ಚ್ 31ಕ್ಕೆ ಉಳಿದ ಹಣ ರದ್ದಾಗುತ್ತದೆ, ಮುಂದಿನ ವರ್ಷಕ್ಕೆ ಬರುವುದಿಲ್ಲ. ಫೆಬ್ರವರಿ-ಮಾರ್ಚ್‌ನಲ್ಲೇ ಕಚೇರಿಗಳಿಗೆ ಸುಣ್ಣಬಣ್ಣದ ಸಂಭ್ರಮ ಏಕೆ ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಈ ಲೆಕ್ಕವನ್ನು ನಿಜವಾಗಿ ಕೆದಕುವುದು 1993ರಿಂದ ಇರುವ, ಸಂಸದರೇ ಕೂರುವ ಸಂಸತ್ತಿನ ಇಲಾಖಾವಾರು ಸ್ಥಾಯಿ ಸಮಿತಿಗಳು. ವಸತಿ ಮತ್ತು ನಗರ ವ್ಯವಹಾರಗಳ ಸಮಿತಿಯ ವರದಿ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಮುಂದಿನ ಸಲ ಪ್ರಶ್ನೆ ಕಳಿಸುವವರು ಅದನ್ನು ಓದಿ ಕಳಿಸಿ.